ಓದುಗರ ಹಕ್ಕು, ಲೇಖಕನ ಋಣ: ಸ್ಟೀಫನ್ ಕಿಂಗ್ ಕೃತಿಗಳಲ್ಲಿ ಅಭಿಮಾನಿ

ಜನಪ್ರಿಯ ಸಾಹಿತ್ಯದ ಅಧ್ಯಯನವು ಬಹುಮಟ್ಟಿಗೆ ಮಾರಾಟದ ಲೆಕ್ಕದಲ್ಲಿ ಇಲ್ಲವೇ ಅಭಿರುಚಿಯ ಕುರಿತಾದ ತೀರ್ಪಿನಲ್ಲಿ ನಿಂತುಬಿಡುತ್ತದೆ. ಮೊದಲನೆಯದರಲ್ಲಿ ಓದುಗ ಕೇವಲ ಸಂಖ್ಯೆ. ಎರಡನೆಯದರಲ್ಲಿ ಆತ ಮರುಳಾದ ಮುಗ್ಧ. ಅಮೆರಿಕದ ಭಯಾನಕ ಕಾದಂಬರಿಕಾರ ಸ್ಟೀಫನ್ ಕಿಂಗ್ ಅವರ ವಿಷಯದಲ್ಲಿ ಈ ಎರಡು ಮಾರ್ಗಗಳೂ ಸಾಲವು. ಅವರ ಅಭಿಮಾನಿಗಳು ಹಲವು ದಶಕಗಳಿಂದ ಅವರ ಬರಹವನ್ನು ಮಾತ್ರವಲ್ಲದೆ ಅವರ ಮನೆ, ಊರು, ಕಾಯಿಲೆ, ಅಪಘಾತಗಳನ್ನೂ ಹಿಂಬಾಲಿಸಿದ್ದಾರೆ ಎಂಬುದು ಇದಕ್ಕೆ ಒಂದು ಕಾರಣ. ಹೀಗೆ ಹಿಂಬಾಲಿಸುವ ಓದುಗನನ್ನೇ ಕಿಂಗ್ ತಮ್ಮ ಭಯಾನಕದ ವಸ್ತುವನ್ನಾಗಿ ಮಾಡಿಕೊಂಡರು ಎಂಬುದು ಇನ್ನೂ ಮುಖ್ಯವಾದ ಕಾರಣ. 1987ರ ‘ಮಿಸರಿ’ಯಿಂದ 2015ರ ‘ಫೈಂಡರ್ಸ್ ಕೀಪರ್ಸ್’ವರೆಗೆ ಈ ವಸ್ತು ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ರೂಪ ಬದಲಿಸುತ್ತದೆ. ಮೊದಲಿಗೆ ಲೇಖಕನ ದೇಹದ ಮೇಲೆ ಬೀಳುವ ಓದುಗನ ಹಕ್ಕು ಕೊನೆಗೆ ಲೇಖಕನ ಕಾಗದಪತ್ರಗಳ ಮೇಲೆ ಬೀಳುತ್ತದೆ. ಈ ಚಲನೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ‘ಅಭಿಮಾನಿ’ ಎಂಬ ಪದದ ಬಗ್ಗೆ ಒಂದು ಮಾತು ಅಗತ್ಯ. ಇಂಗ್ಲಿಷಿನ ‘ಫ್ಯಾನ್’ ಎಂಬುದು ‘ಫನ್ಯಾಟಿಕ್’ ಎಂಬುದರ ಮೊಟಕು ರೂಪ. ಅದರ ಲ್ಯಾಟಿನ್ ಮೂಲದಲ್ಲಿ ಇರುವುದು ದೇಗುಲ. ದೇಗುಲದಲ್ಲಿ ಮೈಮೇಲೆ ಆವೇಶ ಬರಿಸಿಕೊಂಡವನು ಎಂಬ ಅರ್ಥದ ನೆರಳು ಅದರಲ್ಲಿದೆ. ಕನ್ನಡದ ‘ಅಭಿಮಾನಿ’ಯಲ್ಲಿ ಆವೇಶಕ್ಕಿಂತ ತನ್ನತನದ ಹೆಮ್ಮೆ ಹೆಚ್ಚು. ಸ್ವಾಭಿಮಾನ, ಭಾಷಾಭಿಮಾನಗಳ ಸಾಲಿನಲ್ಲಿ ಬರುವ ಈ ಪದವು ಇನ್ನೊಬ್ಬರ ಏಳಿಗೆಯನ್ನು ತನ್ನದೆಂದೇ ಭಾವಿಸುವ ಮನಸ್ಸನ್ನು ಸೂಚಿಸುತ್ತದೆ. ಅಭಿಮಾನಿಗಳನ್ನು ‘ದೇವರುಗಳೇ’ ಎಂದು ಕರೆದ ರಾಜ್‌ಕುಮಾರ್ ಅವರ ಸಂಬೋಧನೆಯಲ್ಲಿ ದೇಗುಲದ ಚಿತ್ರವೇ ತಿರುವುಮುರುವಾಗಿದೆ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಕಿಂಗ್ ಅವರ ಓದುಗರನ್ನು ಅರಿಯಲು ಇಂಗ್ಲಿಷ್ ಪದಕ್ಕಿಂತ ಕನ್ನಡ ಪದವೇ ಹೆಚ್ಚು ಒದಗುತ್ತದೆ. ‘ಇದು ನನ್ನದು’ ಎಂಬ ಭಾವ ಎಲ್ಲಿ ಪ್ರೀತಿಯಾಗಿರುತ್ತದೆ, ಎಲ್ಲಿಂದ ಒಡೆತನವಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಕಿಂಗ್ 1947ರಲ್ಲಿ ಮೇನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ ಜನಿಸಿದರು. ಎರಡು ವರ್ಷದ ಮಗುವಾಗಿದ್ದಾಗ ತಂದೆ ಮನೆ ಬಿಟ್ಟು ಹೋದರು. ತಾಯಿಯ ದುಡಿಮೆಯಲ್ಲಿ ಬೆಳೆದು, ಮೇನ್ ವಿಶ್ವವಿದ್ಯಾಲಯದಲ್ಲಿ ಓದಿ, ಶಾಲಾ ಶಿಕ್ಷಕರಾದರು. ಮೊದಲ ಪ್ರಕಟಿತ ಕಾದಂಬರಿ ‘ಕ್ಯಾರಿ’ಯ ಆರಂಭದ ಹಾಳೆಗಳನ್ನು ಅವರು ಕಸದ ಬುಟ್ಟಿಗೆ ಎಸೆದಿದ್ದರು, ಪತ್ನಿ ಟ್ಯಾಬಿತಾ ಅವನ್ನು ಎತ್ತಿಕೊಂಡು ಓದಿ, ಮುಂದುವರಿಸುವಂತೆ ಒತ್ತಾಯಿಸಿದರು. 1974ರಲ್ಲಿ ಪ್ರಕಟವಾದ ಈ ಕೃತಿಯ ಅಗ್ಗದ ಆವೃತ್ತಿಯ ಹಕ್ಕು 4 ಲಕ್ಷ ಡಾಲರಿಗೆ ಮಾರಾಟವಾಯಿತು. ಈ ಕಥೆಯನ್ನು ಪ್ರತಿಯೊಬ್ಬ ಅಭಿಮಾನಿಯೂ ಬಲ್ಲ. ಬಲ್ಲ ಎಂಬುದಕ್ಕಿಂತ, ಇದು ಅವರ ನಡುವೆ ಒಂದು ಸ್ಥಳಪುರಾಣದಂತೆ ಚಾಲ್ತಿಯಲ್ಲಿದೆ ಎನ್ನುವುದು ಸರಿ. ಇದನ್ನು ಹೇಳಿದವರು ಸ್ವತಃ ಕಿಂಗ್. ಮುನ್ನುಡಿ, ಹಿನ್ನುಡಿ, ಟಿಪ್ಪಣಿಗಳಲ್ಲಿ ಓದುಗನನ್ನು ‘ನಿತ್ಯ ಓದುಗ’ ಎಂಬರ್ಥದ ಹೆಸರಿನಿಂದ ಕರೆದು, ಯಾವ ಕಥೆ ಯಾವಾಗ ಹೊಳೆಯಿತು, ಬರೆಯುವಾಗ ಮನೆಯ ಸ್ಥಿತಿ ಏನಿತ್ತು ಎಂಬುದನ್ನು ಪಡಸಾಲೆಯಲ್ಲಿ ಕೂತು ಮಾತಾಡಿದ ಹಾಗೆ ಹೇಳುವುದು ಅವರ ರೂಢಿ. ಅಭಿಮಾನಿಯು ಬೇಲಿ ಹಾರಿ ಒಳಗೆ ಬಂದನೆಂದು ದೂರುವ ಮುನ್ನ, ಬಾಗಿಲು ತೆರೆದು ಕರೆದವರು ಯಾರು ಎಂಬುದನ್ನು ವಿಮರ್ಶೆ ಮರೆಯಬಾರದು.

ಕರೆಗೆ ಓಗೊಟ್ಟವರು ಮಾಡಿದ ಕೆಲಸವು ಆರಾಧನೆಗಿಂತ ಹೆಚ್ಚಾಗಿ ದಾಖಲೀಕರಣ. 1985ರಿಂದ 1989ರವರೆಗೆ ‘ಕ್ಯಾಸಲ್ ರಾಕ್’ ಎಂಬ ವಾರ್ತಾಪತ್ರ ಹೊರಟಿತು. ಆರಂಭದಲ್ಲಿ ಅದರ ಸಂಪಾದಕಿಯಾಗಿದ್ದವರು ಕಿಂಗ್ ಅವರ ನಾದಿನಿ. ಡಗ್ಲಸ್ ವಿಂಟರ್, ಜಾರ್ಜ್ ಬೀಮ್, ರಾಕಿ ವುಡ್, ಬೆವ್ ವಿನ್ಸೆಂಟ್ ಮೊದಲಾದವರು ಪ್ರಕಟಿತ, ಅಪ್ರಕಟಿತ ಕೃತಿಗಳನ್ನು ಪಟ್ಟಿ ಮಾಡಿ, ಪಾಠಭೇದಗಳನ್ನು ಗುರುತಿಸಿ, ಒಂದು ಕಾದಂಬರಿಯ ಪಾತ್ರ ಇನ್ನೊಂದರಲ್ಲಿ ಎಲ್ಲಿ ಸುಳಿಯುತ್ತದೆಂಬುದನ್ನು ಲೆಕ್ಕವಿಟ್ಟರು. ‘ದಿ ಡಾರ್ಕ್ ಟವರ್’ ಮಾಲೆಯ ಪದಕೋಶವನ್ನು ಸಿದ್ಧಪಡಿಸಿದ ರಾಬಿನ್ ಫರ್ತ್ ಅವರಂತೂ ಲೇಖಕರ ಸಂಶೋಧನ ಸಹಾಯಕಿಯೇ ಆಗಿದ್ದರು; ತನ್ನ ಲೋಕದ ವಿವರಗಳನ್ನು ನೆನಪಿಟ್ಟುಕೊಳ್ಳಲು ಲೇಖಕನೇ ಇನ್ನೊಬ್ಬರ ಓದನ್ನು ಆಶ್ರಯಿಸಿದ ಪ್ರಸಂಗ ಅದು. ಹಳಗನ್ನಡ ಕಾವ್ಯದ ಸಂಪಾದಕರು ಮಾಡುವ ಕೆಲಸಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ. ಭೇದವಿರುವುದು ಕವಿ ಬದುಕಿದ್ದಾನೆ ಎಂಬುದರಲ್ಲಿ.

ಈ ಶ್ರದ್ಧೆಯ ಅತ್ಯುತ್ತಮ ನಿದರ್ಶನ ರಿಚರ್ಡ್ ಬಾಕ್‌ಮನ್ ಪ್ರಕರಣ. 1977ರಿಂದ 1984ರವರೆಗೆ ಕಿಂಗ್ ಈ ಗುಪ್ತನಾಮದಲ್ಲಿ ಐದು ಕಾದಂಬರಿಗಳನ್ನು ಪ್ರಕಟಿಸಿದರು. ವಾಷಿಂಗ್ಟನ್‌ನ ಪುಸ್ತಕದಂಗಡಿಯ ಗುಮಾಸ್ತರೊಬ್ಬರಿಗೆ ಶೈಲಿಯ ಮೇಲೆ ಅನುಮಾನ ಹುಟ್ಟಿತು. ಅವರು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ ಕೃತಿಸ್ವಾಮ್ಯದ ದಾಖಲೆಗಳನ್ನು ತೆರೆದು ನೋಡಿದಾಗ, ಮೊದಲ ಪುಸ್ತಕವಾದ ‘ರೇಜ್’ನ ದಾಖಲೆಯಲ್ಲಿ ಕಿಂಗ್ ಹೆಸರೇ ಇತ್ತು. ಅವರು ಅದನ್ನು ನೇರವಾಗಿ ಪತ್ರಿಕೆಗೆ ಕೊಡದೆ ಲೇಖಕರಿಗೆ ತಿಳಿಸಿ, ಏನು ಮಾಡಬೇಕೆಂದು ಕೇಳಿದರು. ಕಿಂಗ್ ದೂರವಾಣಿ ಮಾಡಿ ಮಾತನಾಡಿದರು. 1985ರಲ್ಲಿ ಗುಟ್ಟು ರಟ್ಟಾಯಿತು. ಬಾಕ್‌ಮನ್ ಹೆಸರಿನಲ್ಲಿ 28,000 ಪ್ರತಿ ಹೋಗಿದ್ದ ‘ಥಿನ್ನರ್’ ಕಿಂಗ್ ಹೆಸರಿನಲ್ಲಿ ಅದರ ಹತ್ತುಪಟ್ಟು ಹೋಯಿತು. ಶೈಲಿಯಿಂದ ಕರ್ತೃವನ್ನು ಹಿಡಿದದ್ದೂ, ಹಿಡಿದ ಮೇಲೆ ಅನುಮತಿ ಕೇಳಿದ್ದೂ ಒಬ್ಬ ಸಾಮಾನ್ಯ ಓದುಗ. ಆದರೆ ಇದೇ ಘಟನೆ 1989ರ ‘ದಿ ಡಾರ್ಕ್ ಹಾಫ್’ ಕಾದಂಬರಿಗೆ ಬಂದಾಗ, ಗುಟ್ಟನ್ನು ಕಂಡುಹಿಡಿದವನು ಹಣಕ್ಕಾಗಿ ಬೆದರಿಸುವ ನೀಚನಾಗುತ್ತಾನೆ, ಭೀಕರವಾಗಿ ಕೊಲೆಯಾಗುತ್ತಾನೆ. ಭಯಾನಕ ಕಥೆಗೆ ಸಜ್ಜನ ಗುಮಾಸ್ತನಿಂದ ಪ್ರಯೋಜನವಿಲ್ಲ ಎಂಬ ಸಮಾಧಾನ ಹೇಳಬಹುದು. ಆದರೂ ಬದುಕಿನಲ್ಲಿ ಸಿಕ್ಕ ಓದುಗನಿಗಿಂತ ಕಥೆಯ ಓದುಗ ಯಾವಾಗಲೂ ಒಂದು ಮೆಟ್ಟಿಲು ಕೆಳಗಿರುತ್ತಾನೆ ಎಂಬುದು ಕಿಂಗ್ ಅವರ ಈ ಬಗೆಯ ಬರಹಗಳಲ್ಲಿ ಎದ್ದು ಕಾಣುವ ಓರೆ.

‘ಮಿಸರಿ’ಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕು. ಪಾಲ್ ಶೆಲ್ಡನ್ ಎಂಬ ಲೇಖಕ ಮಿಸರಿ ಚಾಸ್ಟೇನ್ ಎಂಬ ನಾಯಕಿಯ ಪ್ರಣಯ ಕಾದಂಬರಿಗಳಿಂದ ಹಣ ಗಳಿಸಿ, ಅವುಗಳಿಗೆ ಬೇಸತ್ತು, ಕೊನೆಯ ಸಂಪುಟದಲ್ಲಿ ಅವಳನ್ನು ಸಾಯಿಸಿದ್ದಾನೆ. ಕೊಲರಾಡೋದ ಹಿಮಪಾತದಲ್ಲಿ ಕಾರು ಉರುಳಿ ಕಾಲು ಮುರಿದುಕೊಂಡ ಅವನನ್ನು ಮಾಜಿ ದಾದಿ ಆನಿ ವಿಲ್ಕ್ಸ್ ತನ್ನ ಮನೆಗೆ ತಂದು ಉಪಚರಿಸುತ್ತಾಳೆ. ತಾನು ಅವನ ಪರಮ ಅಭಿಮಾನಿ ಎಂಬುದು ಅವಳ ಪರಿಚಯ. ಮಿಸರಿ ಸತ್ತದ್ದು ತಿಳಿದಾಗ ಅವಳು ಅವನ ಹೊಸ, ‘ಗಂಭೀರ’ ಕಾದಂಬರಿಯ ಹಸ್ತಪ್ರತಿಯನ್ನು ಅವನ ಕೈಯಿಂದಲೇ ಸುಡಿಸಿ, ಮಿಸರಿಯನ್ನು ಬದುಕಿಸುವ ಕಾದಂಬರಿ ಬರೆಯಲು ಕೂರಿಸುತ್ತಾಳೆ. ಕೊಡಲಿಯಿಂದ ಅವನ ಪಾದ ಕಡಿಯುವ ದೃಶ್ಯವನ್ನು ಕಾದಂಬರಿ ಓದಿದವರು ಮರೆಯುವುದಿಲ್ಲ. 1990ರ ಚಲನಚಿತ್ರದಲ್ಲಿ ಅದು ಸುತ್ತಿಗೆಯಾಯಿತು, ಆನಿಯಾಗಿ ನಟಿಸಿದ ಕ್ಯಾಥಿ ಬೇಟ್ಸ್ ಅವರಿಗೆ ಆಸ್ಕರ್ ಬಂತು.

ಇಷ್ಟರಿಂದ ಆನಿಯನ್ನು ‘ಮತಿಗೆಟ್ಟ ಅಭಿಮಾನಿ’ಯ ಮಾದರಿಯೆಂದು ಹೆಸರಿಸಿ ಸುಮ್ಮನಾಗುವುದು ವಿಮರ್ಶೆಯ ವಾಡಿಕೆ. ಕಾದಂಬರಿಯ ನಡುಭಾಗದಲ್ಲಿರುವ ಒಂದು ಪ್ರಸಂಗ ಅದಕ್ಕೆ ಅಡ್ಡ ಬರುತ್ತದೆ. ಪಾಲ್ ಅವಸರದಲ್ಲಿ ಬರೆದುಕೊಟ್ಟ ಮೊದಲ ಕೆಲವು ಪುಟಗಳನ್ನು ಆನಿ ತಿರಸ್ಕರಿಸುತ್ತಾಳೆ. ಮಿಸರಿ ಬದುಕಿದ್ದಾಳಲ್ಲ ಎಂದು ಅವಳು ಹಿಗ್ಗುವುದಿಲ್ಲ. ಇದು ಮೋಸ ಎನ್ನುತ್ತಾಳೆ. ಚಿಕ್ಕಂದಿನಲ್ಲಿ ವಾರವಾರವೂ ನೋಡುತ್ತಿದ್ದ ಧಾರಾವಾಹಿ ಚಿತ್ರದ ಉದಾಹರಣೆ ಕೊಡುತ್ತಾಳೆ: ಹೋದ ವಾರ ನಾಯಕ ವಾಹನದೊಂದಿಗೆ ಪ್ರಪಾತಕ್ಕೆ ಬಿದ್ದದ್ದನ್ನು ತೋರಿಸಿ, ಈ ವಾರ ಅವನು ಮೊದಲೇ ಜಿಗಿದಿದ್ದನೆಂದು ತೋರಿಸಿದರೆ ಅದು ಅನ್ಯಾಯ. ಕಥೆ ನಿಜದಂತಿರಬೇಕೆಂದು ಅವಳು ಕೇಳುತ್ತಿಲ್ಲ, ನ್ಯಾಯವಾಗಿರಬೇಕೆಂದು ಕೇಳುತ್ತಿದ್ದಾಳೆ. ಹಿಂದೆ ಹೇಳಿದ್ದಕ್ಕೆ ಕಥೆ ಬದ್ಧವಾಗಿರಬೇಕು. ಇದು ನಿರೂಪಣಾಶಾಸ್ತ್ರದ ಶುದ್ಧ ತತ್ತ್ವ. ಪಾಲ್ ಅದನ್ನು ಒಪ್ಪುತ್ತಾನೆ, ಮತ್ತೆ ಬರೆಯುತ್ತಾನೆ, ಆ ಮಾಲೆಯಲ್ಲೇ ಶ್ರೇಷ್ಠವಾದುದನ್ನು ಬರೆಯುತ್ತಾನೆ. ಅವಳು ತಂದುಕೊಟ್ಟ ಹಳೆಯ ಬೆರಳಚ್ಚು ಯಂತ್ರದಲ್ಲಿ ‘ಎನ್’ ಅಕ್ಷರವಿಲ್ಲ. ಖಾಲಿ ಉಳಿದ ಜಾಗಗಳಲ್ಲಿ ಆ ಅಕ್ಷರವನ್ನು ಆನಿ ಕೈಯಿಂದ ತುಂಬುತ್ತಾಳೆ. ಓದುಗಳು ಕೃತಿಯ ಸಹಕರ್ತೃವಾಗುವುದನ್ನು ಇದಕ್ಕಿಂತ ಸರಳವಾಗಿ ತೋರಿಸಲಾಗದು. ಪ್ರಕಾಶಕರು, ಸಂಪಾದಕರು, ವಿಮರ್ಶಕರು ಯಾರೂ ಪಾಲ್‌ನಿಂದ ಪಡೆಯದ ಬರಹವನ್ನು ಅವನ ಪೀಡಕಿ ಪಡೆಯುತ್ತಾಳೆ. ಕಾದಂಬರಿಯ ನಿಜವಾದ ಭಯ ಇರುವುದು ಇಲ್ಲಿಯೇ. ಅವಳ ಅಭಿರುಚಿ ಕೀಳಾಗಿದ್ದರೆ ಪಾಲ್‌ಗೆ ಅವಳಿಂದ ಒಳಗೊಳಗೇ ಬಿಡುಗಡೆ ಇರುತ್ತಿತ್ತು. ಅವಳು ಸರಿಯಾಗಿ ಓದುತ್ತಾಳೆ. ಆದ್ದರಿಂದ ಬಿಡುಗಡೆ ಇಲ್ಲ.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆ ಇಲ್ಲಿ ಉಪಯುಕ್ತ. ಸಾಧಾರಣೀಕರಣದ ಮೂಲಕ ಭಾವವು ವ್ಯಕ್ತಿಯ ಅಂಟನ್ನು ಕಳೆದುಕೊಂಡಾಗ ಸಹೃದಯನಿಗೆ ರಸಾನುಭವವಾಗುತ್ತದೆ. ಅಭಿನವಗುಪ್ತನು ಹೇಳುವ ರಸವಿಘ್ನಗಳಲ್ಲಿ ‘ನಿಜಸುಖಾದಿ ವಿವಶೀಭಾವ’ವೂ ಒಂದು, ತನ್ನದೇ ಸುಖದುಃಖಗಳ ವಶದಲ್ಲಿರುವವನಿಗೆ ರಸವಿಲ್ಲ. ಈ ದೃಷ್ಟಿಯಲ್ಲಿ ಆನಿ ರಸವಿಘ್ನದ ಮೂರ್ತರೂಪವೇ ಸರಿ. ಅವಳು ಮಿಸರಿಯ ಸಾವನ್ನು ಕರುಣರಸವಾಗಿ ಕಾಣಲಾರಳು. ಅದು ತನಗೆ ಆದ ನಷ್ಟ, ನಷ್ಟಕ್ಕೆ ಒಬ್ಬ ಹೊಣೆಗಾರನಿದ್ದಾನೆ, ಅವನು ತನ್ನ ಮನೆಯಲ್ಲೇ ಮಲಗಿದ್ದಾನೆ. ಆದರೆ ಕಥೆಯ ನ್ಯಾಯವನ್ನು ಕುರಿತ ಅವಳ ಬೇಡಿಕೆಯಲ್ಲಿ ಸಹೃದಯತೆ ಇಲ್ಲವೆನ್ನಲು ಆಗದು. ಔಚಿತ್ಯವನ್ನು ಬಲ್ಲ, ಆದರೆ ಸಾಧಾರಣೀಕರಣವನ್ನು ಅರಿಯದ ಓದುಗ ಎಂಬ ವರ್ಗಕ್ಕೆ ನಮ್ಮ ಮೀಮಾಂಸಕರು ಹೆಸರಿಟ್ಟಂತಿಲ್ಲ. ಧಾರಾವಾಹಿಗಳ ಯುಗದ ಅಭಿಮಾನಿ ಬಹುಶಃ ಆ ವರ್ಗಕ್ಕೇ ಸೇರಿದವನು: ಮಾಲೆಯ ಕಥೆಯು ಮುಗಿಯದೆ ಬಾಕಿಯಿರುವುದರಿಂದ ಭಾವವು ಕೃತಿಯೊಳಗೆ ತಣಿಯದೆ ಕರ್ತೃವಿನ ಕಡೆಗೆ ಹರಿಯುತ್ತದೆ.

ಕೃತಿಯ ದೋಷವನ್ನೂ ಹೇಳಬೇಕು. ಪಾಲ್‌ಗೆ ತನ್ನ ಮಿಸರಿ ಕಾದಂಬರಿಗಳನ್ನು ಓದುವ ಹೆಂಗಸರ ಬಗೆಗಿರುವ ತಾತ್ಸಾರವನ್ನು ಕಾದಂಬರಿ ಎಲ್ಲೂ ಪೂರ್ತಿ ಪ್ರಶ್ನಿಸುವುದಿಲ್ಲ. ಪ್ರಣಯ ಕಾದಂಬರಿ ಓದುವ, ಹಳ್ಳಿಗಾಡಿನ, ಒಂಟಿ, ಸ್ಥೂಲಕಾಯದ ಮಹಿಳೆಯನ್ನು ರಾಕ್ಷಸಿಯಾಗಿಸುವಲ್ಲಿ ಕಿಂಗ್, ತಮ್ಮನ್ನು ಹೀಗಳೆದ ಉನ್ನತ ಅಭಿರುಚಿಯ ಕಣ್ಣನ್ನೇ ಎರವಲು ಪಡೆದಿದ್ದಾರೆ. ಅಭಿಮಾನಿಗಳು ‘ದಿ ಐಸ್ ಆಫ್ ದಿ ಡ್ರ್ಯಾಗನ್’ ಎಂಬ ಅದ್ಭುತರಮ್ಯ ಕಥೆಯನ್ನು ಅದರಲ್ಲಿ ಭಯಾನಕವಿಲ್ಲವೆಂದು ಒಪ್ಪದಿದ್ದುದೇ ಈ ಕಾದಂಬರಿಗೆ ಒಂದು ಪ್ರೇರಣೆ ಎಂಬ ಮಾತಿದೆ. 2000ದ ‘ಆನ್ ರೈಟಿಂಗ್’ನಲ್ಲಿ ಕಿಂಗ್ ಬೇರೊಂದು ಕೀಲಿಕೈ ಕೊಟ್ಟರು: ಆ ದಿನಗಳಲ್ಲಿ ತಮ್ಮನ್ನು ಹಿಡಿದಿದ್ದ ಮದ್ಯ ಮತ್ತು ಮಾದಕವಸ್ತುವೇ ಆನಿ. ಲೇಖಕರ ಈ ವ್ಯಾಖ್ಯಾನವನ್ನು ಅಭಿಮಾನಿಗಳು ಬಹುಬೇಗ ಸ್ವೀಕರಿಸಿದರು; ತಮ್ಮ ಮೇಲಿನ ಆರೋಪ ಅದರಿಂದ ಇಳಿದುಹೋಗುತ್ತದಲ್ಲವೇ!

ಆರೋಪ ಮಾತ್ರ ಬದುಕಿನಲ್ಲಿ ನಿಜವಾಯಿತು. 1991ರ ಏಪ್ರಿಲ್‌ನಲ್ಲಿ ಬ್ಯಾಂಗರ್ ಪಟ್ಟಣದ ಅವರ ಮನೆಗೆ ಒಬ್ಬ ಮನುಷ್ಯ ಕಿಟಕಿ ಒಡೆದು ನುಗ್ಗಿದ. ‘ಮಿಸರಿ’ಯನ್ನು ತನ್ನ ಸೋದರತ್ತೆಯಿಂದ ಕದಿಯಲಾಗಿದೆ, ತನ್ನ ಬಳಿ ಬಾಂಬ್ ಇದೆ ಎಂದ, ಮನೆಯಲ್ಲಿ ಒಬ್ಬರೇ ಇದ್ದ ಟ್ಯಾಬಿತಾ ಹೊರಗೋಡಿ ಪಾರಾದರು. ಬಾಂಬ್ ಹುಸಿಯಾಗಿತ್ತು. ಇಲ್ಲಿ ಗಮನಿಸಬೇಕಾದುದು ಕಾಲಾನುಕ್ರಮ. ತನ್ನ ಕಥೆಯನ್ನು ಕದ್ದಿದ್ದೀಯೆಂದು ಲೇಖಕನ ಬಾಗಿಲಿಗೆ ಅಪರಿಚಿತನೊಬ್ಬ ಬಂದು ನಿಲ್ಲುವ ‘ಸೀಕ್ರೆಟ್ ವಿಂಡೋ, ಸೀಕ್ರೆಟ್ ಗಾರ್ಡನ್’ ಎಂಬ ನೀಳ್ಗತೆ ಹಿಂದಿನ ವರ್ಷ, 1990ರಲ್ಲೇ ಪ್ರಕಟವಾಗಿತ್ತು. ಅದರಲ್ಲಿ ಬಾಗಿಲಿಗೆ ಬಂದವನು ಕಡೆಗೆ ಲೇಖಕನ ಮನಸ್ಸಿನದೇ ಇನ್ನೊಂದು ತುಂಡು ಎಂದು ತಿಳಿಯುತ್ತದೆ. ಕಥೆ ಅಪರಿಚಿತನನ್ನು ಲೇಖಕನೊಳಗೆ ಕರಗಿಸಿಬಿಟ್ಟಿತು. ಬ್ಯಾಂಗರ್‌ಗೆ ಬಂದವನು ಹಾಗೆ ಕರಗುವವನಲ್ಲ.

ಸಾಮಾನ್ಯ ಓದುಗನ ಸಾಮಾನ್ಯ ಬೇಡಿಕೆಯನ್ನು ಕಿಂಗ್ ಪ್ರಾಮಾಣಿಕವಾಗಿ ಎದುರಿಸಿದ್ದು ‘ದಿ ಡಾರ್ಕ್ ಟವರ್’ನಲ್ಲಿ. ಇದರ ಮೊದಲ ಸಂಪುಟ 1982ರಲ್ಲಿ ಸಣ್ಣ ಪ್ರಕಾಶನವೊಂದರಿಂದ 10,000 ಪ್ರತಿಗಳ ಸೀಮಿತ ಆವೃತ್ತಿಯಾಗಿ ಬಂತು. ಹೆಚ್ಚಿನ ಓದುಗರಿಗೆ ಅದರ ಸುಳಿವು ಸಿಕ್ಕಿದ್ದು ಮರುವರ್ಷ ‘ಪೆಟ್ ಸೆಮೆಟರಿ’ಯ ಕೃತಿಪಟ್ಟಿಯಲ್ಲಿ ಆ ಹೆಸರನ್ನು ಕಂಡಾಗ, ಪತ್ರಗಳ ಮಳೆ ಸುರಿಯಿತು. 1991ರಲ್ಲಿ ಮೂರನೆಯ ಸಂಪುಟವು ಒಗಟು ಕೇಳುವ ಹುಚ್ಚು ರೈಲಿನೊಳಗೆ ಪಾತ್ರಗಳನ್ನು ಬಿಟ್ಟು ನಿಂತಿತು. ನಾಲ್ಕನೆಯದು ಬಂದದ್ದು 1997ರಲ್ಲಿ. ಸಾವಿನಂಚಿನಲ್ಲಿದ್ದ ವೃದ್ಧೆಯೊಬ್ಬರು, ಮರಣದಂಡನೆಗೆ ಕಾದಿದ್ದ ಕೈದಿಯೊಬ್ಬರು ಕಥೆಯ ಅಂತ್ಯವನ್ನು ತಮಗೆ ಮಾತ್ರ ತಿಳಿಸಬೇಕೆಂದು ಬರೆದ ಪತ್ರಗಳನ್ನು ಕಿಂಗ್ ನೆನೆದಿದ್ದಾರೆ. ತಿಳಿಸಲು ಅವರಿಗೇ ಅಂತ್ಯ ತಿಳಿದಿರಲಿಲ್ಲ. 1999ರ ಜೂನ್ 19ರಂದು ಮೇನ್‌ನ ಲೊವೆಲ್ ಬಳಿ ರಸ್ತೆಬದಿಯಲ್ಲಿ ನಡೆಯುತ್ತಿದ್ದ ಅವರಿಗೆ ವ್ಯಾನೊಂದು ಗುದ್ದಿತು. ಕಾಲು, ಸೊಂಟ ಮುರಿದವು, ಶ್ವಾಸಕೋಶಕ್ಕೆ ಪೆಟ್ಟಾಯಿತು. ಆ ವ್ಯಾನು ಸ್ಮರಣಿಕೆಗಳ ಹರಾಜಿಗೆ ಹೋಗದಿರಲೆಂದು ಕಿಂಗ್ ಪರವಾಗಿ ಅದನ್ನೇ ಕೊಂಡುಕೊಳ್ಳಬೇಕಾಯಿತು.

2003-04ರಲ್ಲಿ ಬೆನ್ನುಬೆನ್ನಿಗೆ ಬಂದ ಕೊನೆಯ ಮೂರು ಸಂಪುಟಗಳ ಪೈಕಿ ಕಡೆಯ ಎರಡರಲ್ಲಿ ಸ್ಟೀಫನ್ ಕಿಂಗ್ ಎಂಬ ಲೇಖಕ ಒಂದು ಪಾತ್ರ. ಸೋಮಾರಿ, ಕುಡುಕ, ಕಥೆಗೆ ಹೆದರಿ ಓಡುವವ. ನಾಯಕ ರೋಲಂಡ್ ಅವನನ್ನು ಹುಡುಕಿ ಬಂದು ಬರೆಯೆಂದು ಆಜ್ಞಾಪಿಸುತ್ತಾನೆ. ಅಪಘಾತದಲ್ಲಿ ಸಾಯಬೇಕಿದ್ದ ಲೇಖಕನನ್ನು ಉಳಿಸಲು ಜೇಕ್ ಎಂಬ ಬಾಲಕ ಪ್ರಾಣ ಕೊಡುತ್ತಾನೆ. ಇದನ್ನು ಆತ್ಮರತಿ ಎಂದು ಬೇಸರಿಸಿದ ಓದುಗರು ಕಡಿಮೆಯಿಲ್ಲ, ಆ ಬೇಸರಕ್ಕೆ ಆಧಾರವೂ ಇದೆ. ಆದರೆ ಬೇರಾವ ಕೃತಿಯಲ್ಲೂ ಕಾಣದ ಒಂದು ಒಪ್ಪಿಗೆ ಇಲ್ಲಿದೆ: ಲೇಖಕ ಋಣಿ. ಋಣ ಇರುವುದು ಆನಿಯಂಥವಳಿಗಲ್ಲ, ಆರಂಭಿಸಿದ ಕಥೆಗೆ. ಓದುಗ ಆ ಋಣದ ಸಾಕ್ಷಿ ಮಾತ್ರ. ಕೊನೆಯಲ್ಲಿ ಲೇಖಕ ಕಥೆಯನ್ನು ತಡೆದು, ಇಲ್ಲಿಗೇ ಪುಸ್ತಕ ಮುಚ್ಚುವುದು ಒಳಿತೆಂದು ಓದುಗನಿಗೆ ಎಚ್ಚರಿಸಿ, ಆಮೇಲೆ ಗೋಪುರದ ಬಾಗಿಲು ತೆರೆಯುತ್ತಾನೆ. ರೋಲಂಡ್ ಮತ್ತೆ ಮೊದಲಿನ ಮರಳುಗಾಡಿಗೇ ಬಂದು ಬೀಳುತ್ತಾನೆ. 22 ವರ್ಷ ಕಾದವರಲ್ಲಿ ಅನೇಕರು ಇದನ್ನು ವಂಚನೆ ಎಂದರು. ಆನಿಯ ತೂಕದಲ್ಲಿ ತೂಗಿದರೆ ಇದು ವಂಚನೆಯಲ್ಲ. ಹಿಂದೆ ಹೇಳಿದ ಯಾವುದನ್ನೂ ಈ ಅಂತ್ಯ ಅಳಿಸುವುದಿಲ್ಲ.

ಹಣದ ಋಣದ ಒಂದು ಪ್ರಯೋಗವನ್ನೂ ಕಿಂಗ್ ಮಾಡಿ ನೋಡಿದರು. 2000ದಲ್ಲಿ ‘ದಿ ಪ್ಲಾಂಟ್’ ಎಂಬ ಧಾರಾವಾಹಿಯನ್ನು ಅಂತರ್ಜಾಲದಲ್ಲಿ ನೀಡಿ, ಕಂತಿಗೆ ಒಂದು ಡಾಲರನ್ನು ಓದುಗರು ತಾವಾಗಿಯೇ ಕಳುಹಿಸಬೇಕು, ನೂರಕ್ಕೆ 75 ಮಂದಿಯಾದರೂ ಕೊಟ್ಟರೆ ಮುಂದುವರಿಯುವುದು ಎಂದರು. ಆರಂಭದಲ್ಲಿ ಕೊಟ್ಟರು. ನಾಲ್ಕನೆಯ ಕಂತಿನ ಹೊತ್ತಿಗೆ ಕೊಟ್ಟವರು ಅರ್ಧಕ್ಕಿಂತ ಕಡಿಮೆ. ಆರು ಕಂತಿಗೆ ಕಥೆ ನಿಂತಿತು, ಈವರೆಗೂ ಮುಗಿದಿಲ್ಲ.

2003ರಲ್ಲಿ ನ್ಯಾಷನಲ್ ಬುಕ್ ಫೌಂಡೇಶನ್ ತನ್ನ ವಿಶೇಷ ಪದಕವನ್ನು ಕಿಂಗ್ ಅವರಿಗೆ ನೀಡಿತು. ಹೆರಾಲ್ಡ್ ಬ್ಲೂಮ್ ಇದನ್ನು ಅಮೆರಿಕದ ಸಾಂಸ್ಕೃತಿಕ ಬದುಕಿನ ಅಧೋಗತಿಯ ಗುರುತೆಂದು ಖಂಡಿಸಿದರು. ಈ ವಾಗ್ವಾದದ ಫಲಿತಾಂಶ ಏನೇ ಇರಲಿ, ವಿದ್ವಾಂಸರು ಕಿಂಗ್ ಅವರ ಕಡೆಗೆ ತಿರುಗಿದ ಮೇಲೆ ಅವರ ಕಥೆಗಳಲ್ಲಿನ ಪೀಡಕನೂ ಬದಲಾದ. 2006ರ ‘ಲಿಸೀಸ್ ಸ್ಟೋರಿ’ಯಲ್ಲಿ ಪುಲಿಟ್ಜರ್ ಪಡೆದ ಲೇಖಕ ಸ್ಕಾಟ್ ಲ್ಯಾಂಡನ್ ತೀರಿಕೊಂಡಿದ್ದಾನೆ. ಹಿಂದೊಮ್ಮೆ ಗ್ರಂಥಾಲಯವೊಂದರ ಶಂಕುಸ್ಥಾಪನೆಯಲ್ಲಿ ಹುಚ್ಚು ಅಭಿಮಾನಿಯೊಬ್ಬ ಅವನಿಗೆ ಗುಂಡು ಹಾರಿಸಿದ್ದುಂಟು. ಆದರೆ ವಿಧವೆ ಲಿಸಿಯ ಮುಖ್ಯ ಕಂಟಕ ಪ್ರಾಧ್ಯಾಪಕ ವರ್ಗ. ಅಪ್ರಕಟಿತ ಹಾಳೆಗಳಿಗಾಗಿ ಅವಳನ್ನು ಕಾಡುವ ಸಂಶೋಧಕರಿಗೆ ಸ್ಕಾಟ್, ಆದಿಮುದ್ರಿತ ಗ್ರಂಥಗಳ ಇಂಗ್ಲಿಷ್ ಹೆಸರನ್ನು ತಿರುಚಿ, ಒಂದು ಅಡ್ಡಹೆಸರು ಇಟ್ಟಿದ್ದಾನೆ. ಅವರಲ್ಲೊಬ್ಬ ಅವಳನ್ನು ಹೆದರಿಸಲು ಕಳಿಸಿದವನು ಕೈಮೀರಿ, ಅವಳ ಮೈಗೇ ಕೈಹಾಕುತ್ತಾನೆ. ಸಂಶೋಧನ ಸಂಪುಟಗಳ ಓದುಗರು ಈ ಅಧ್ಯಾಯಗಳನ್ನು ನಿರಾಳವಾಗಿ ಓದುವುದು ಕಷ್ಟ.

‘ಫೈಂಡರ್ಸ್ ಕೀಪರ್ಸ್’ನಲ್ಲಿ ಈ ಸರಣಿ ತನ್ನ ಅತ್ಯಂತ ಸ್ಪಷ್ಟ ರೂಪಕ್ಕೆ ಬರುತ್ತದೆ. 1978ರಲ್ಲಿ ಮಾರಿಸ್ ಬೆಲಾಮಿ ಎಂಬ ಯುವಕ, ದೀರ್ಘಕಾಲದಿಂದ ಏನನ್ನೂ ಪ್ರಕಟಿಸದ ವೃದ್ಧ ಲೇಖಕ ರಾತ್‌ಸ್ಟೈನ್‌ನನ್ನು ಕೊಲ್ಲುತ್ತಾನೆ. ಪ್ರೀತಿಯ ನಾಯಕ ಜಿಮ್ಮಿ ಗೋಲ್ಡ್‌ನನ್ನು ಕೊನೆಯ ಸಂಪುಟದಲ್ಲಿ ಜಾಹೀರಾತಿನ ಉದ್ಯೋಗಕ್ಕೆ ಮಾರಿದನೆಂಬುದು ಸಿಟ್ಟು. ಹಣದ ಜೊತೆ ನೂರಕ್ಕೂ ಹೆಚ್ಚು ನೋಟ್‌ಪುಸ್ತಕಗಳನ್ನು ದೋಚಿ ಪೆಟ್ಟಿಗೆಯಲ್ಲಿಟ್ಟು ಹೂಳುತ್ತಾನೆ. ಬೇರೊಂದು ಅಪರಾಧಕ್ಕೆ ದಶಕಗಳ ಕಾಲ ಸೆರೆಯಾಗುತ್ತಾನೆ. ಆ ಪುಸ್ತಕಗಳಲ್ಲಿ ಜಿಮ್ಮಿಯ ಮುಂದಿನ ಕಥೆ ಇದೆ, ಅವನು ತನ್ನನ್ನು ತಿದ್ದಿಕೊಂಡ ಕಥೆ; ಕೊಂದವನಿಗೆ ಅದು ತಿಳಿಯದು. ಪೆಟ್ಟಿಗೆಯನ್ನು ಕಂಡವನು ಪೀಟ್ ಎಂಬ ಬಡ ಹುಡುಗ. ಅವನು ಹಣವನ್ನು ಹೆತ್ತವರಿಗೆ ಗುಟ್ಟಾಗಿ ಕಳಿಸುತ್ತಾನೆ, ಪುಸ್ತಕಗಳನ್ನು ಓದುತ್ತಾನೆ, ಓದುತ್ತಲೇ ಸಾಹಿತ್ಯದ ವಿದ್ಯಾರ್ಥಿಯಾಗುತ್ತಾನೆ. ಇಬ್ಬರದೂ ಒಂದೇ ಪ್ರೀತಿ ಎಂದು ಕಾದಂಬರಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಒಬ್ಬ ಓದದೆ ಒಡೆಯನಾದ, ಇನ್ನೊಬ್ಬ ಒಡೆಯನಲ್ಲದೆ ಓದಿದ. ಕೊನೆಗೆ ಹತ್ತಿ ಉರಿಯುವ ಕಾಗದಗಳನ್ನು ಬೆಂಕಿಯಿಂದ ಎಳೆಯಲು ಹೋಗಿ ಮಾರಿಸ್ ಸುಟ್ಟುಹೋಗುತ್ತಾನೆ. ಪತ್ತೇದಾರಿ ಕಥೆಯ ಚೌಕಟ್ಟಿನ ಸಡಿಲತೆ ಈ ಕೃತಿಗಿದೆ. ಆದರೆ ಅಭಿಮಾನಿಗೆ ಕಿಂಗ್ ಕೊಟ್ಟ ಮೊದಲ ನ್ಯಾಯವಾದ ಚಿತ್ರ ಪೀಟ್‌ನದೇ.

ಸ್ವಂತ ಕಾಗದಪತ್ರಗಳ ವಿಷಯದಲ್ಲಿ ಕಿಂಗ್ ದಂಪತಿ ಕೈಗೊಂಡ ತೀರ್ಮಾನವೂ ಇದೇ ಹಾದಿಯಲ್ಲಿದೆ. ಮೇನ್ ವಿಶ್ವವಿದ್ಯಾಲಯದ ಫಾಗ್ಲರ್ ಗ್ರಂಥಾಲಯದಲ್ಲಿ ಬಹುಕಾಲ ಇದ್ದ ಅವರ ಹಸ್ತಪ್ರತಿ ಸಂಗ್ರಹಕ್ಕೆ ಬ್ಯಾಂಗರ್‌ನ ವೆಸ್ಟ್ ಬ್ರಾಡ್‌ವೇಯಲ್ಲಿನ ತಮ್ಮ ಮನೆಯನ್ನೇ ದಾಖಲಾಗಾರವಾಗಿಸಿ, ಪಕ್ಕದ ಮನೆಯಲ್ಲಿ ಬರಹಗಾರರಿಗೆ ತಂಗಲು ಅವಕಾಶ ಕಲ್ಪಿಸುವ ಯೋಜನೆಗೆ ನಗರಸಭೆ 2019ರಲ್ಲಿ ಒಪ್ಪಿಗೆ ನೀಡಿತು. 1991ರಲ್ಲಿ ಒಬ್ಬನು ಕಿಟಕಿ ಒಡೆದು ನುಗ್ಗಿದ ಮನೆ ಅದೇ. ಅದನ್ನು ಸಾರ್ವಜನಿಕ ವಸ್ತುಸಂಗ್ರಹಾಲಯವಾಗಿ ತೆರೆಯುವ ಉದ್ದೇಶವಿಲ್ಲ, ಸಂಶೋಧಕರಿಗೆ ಪೂರ್ವಾನುಮತಿಯ ಮೇಲೆ ಪ್ರವೇಶ ಎಂದು ಆಗಲೇ ಸ್ಪಷ್ಟಪಡಿಸಲಾಗಿತ್ತು. ಬಾವಲಿಗಳನ್ನೂ ಜೇಡರಬಲೆಯನ್ನೂ ಕಬ್ಬಿಣದಲ್ಲಿ ಹೆಣೆದ ಅದರ ಗೇಟಿನ ಹೊರಗೆ, ರಸ್ತೆಯಲ್ಲಿ ನಿಂತು ಚಿತ್ರ ತೆಗೆದುಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ.